ಬಿಸಿ ಕಲ್ಲಿನ ಮಸಾಜ್: ಕಲ್ಲು ಆರಿಸುವುದರಿಂದ ತೊಳೆದಿಡುವವರೆಗೆ

ಬಿಸಿ ಕಲ್ಲಿನ ಮಸಾಜ್ ಕಲಿಯಲು ಬರುವವರು ಮೊದಲು ಕೇಳುವುದು, ಯಾವ ಕಲ್ಲನ್ನು ಎಲ್ಲಿ ಇಡಬೇಕು ಅಂತ. ಅದನ್ನು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು. ಕಷ್ಟದ ಪಾಠ ಬೇರೆ ಇದೆ. ದಿನವೂ ಬಿಸಿ ಕಲ್ಲು ಹಿಡಿಯುವವರ ಅಂಗೈ ಬಿಸಿಗೆ ಒಗ್ಗಿಹೋಗುತ್ತದೆ. ನಮ್ಮ ಕೈಗೆ ಹಿತ ಅನಿಸುವ ಕಲ್ಲು ಮಲಗಿದವರ ಬೆನ್ನಿಗೆ ಚುರ್ ಅನ್ನಬಹುದು. ಹಾಗಾಗಿ ಈ ಕೆಲಸದಲ್ಲಿ ನಮ್ಮ ಅಂಗೈಯನ್ನು ನಂಬಬಾರದು. ಥರ್ಮಾಮೀಟರನ್ನು ನಂಬಬೇಕು, ಮಲಗಿದವರ ಮಾತನ್ನು ನಂಬಬೇಕು. ಮುಂದೆ ಬರೆದಿರುವ ಹೆಚ್ಚಿನ ಮಾತೆಲ್ಲ ಇದರಿಂದಲೇ ಹುಟ್ಟಿದ್ದು.

ಶಾಖ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಇಟ್ಟಿಗೆ ಕಾಯಿಸಿ, ಹಳೇ ಬಟ್ಟೆ ಸುತ್ತಿ ಸೊಂಟಕ್ಕೆ ಇಡುತ್ತಾರೆ. ಉಪ್ಪು ಹುರಿದು ಗಂಟು ಕಟ್ಟಿ ಒತ್ತುತ್ತಾರೆ. ಎಕ್ಕದ ಎಲೆ ಬಾಡಿಸಿ ಮಂಡಿಗೆ ಕಟ್ಟುತ್ತಾರೆ. ಈಗ ಸ್ಪಾಗಳಲ್ಲಿ ಕಾಣುವ ಕ್ರಮ ಮಾತ್ರ ಹೊಸದು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಮೇರಿ ನೆಲ್ಸನ್ ಎಂಬ ಮಸಾಜ್ ಥೆರಪಿಸ್ಟ್ 1993ರಲ್ಲಿ ಇದನ್ನು ಒಂದು ಪದ್ಧತಿಯಾಗಿ ರೂಪಿಸಿದರು. ನಮ್ಮ ಶಾಖದಲ್ಲಿ ಬಿಸಿ ಒಂದೇ ಕಡೆ ಕೂರುತ್ತದೆ. ಇಲ್ಲಿ ಎಣ್ಣೆ ಹಚ್ಚಿದ ಮೈ ಮೇಲೆ ಕಲ್ಲು ಓಡಾಡುತ್ತದೆ, ಕೈಯ ಒತ್ತಡವೂ ಜೊತೆಗೆ ಸೇರುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡ ವ್ಯತ್ಯಾಸ.

ಬಿಸಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಿಸಿ ತಾಕಿದ ಕಡೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತದ ಓಡಾಟ ಜಾಸ್ತಿ ಆಗುತ್ತದೆ. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಸ್ನಾಯುವಿನ ಸುತ್ತಲ ನಾರಿನಂಥ ಪದರಕ್ಕೂ ಸ್ವಲ್ಪ ಹಿಗ್ಗುವ ಗುಣ ಬರುತ್ತದೆ. ಆದರೆ ಹೊರಗಿನಿಂದ ಕೊಟ್ಟ ಬಿಸಿ ಒಂದೆರಡು ಸೆಂಟಿಮೀಟರ್‌ಗಿಂತ ಆಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಕೆಳಗಿನ ಪದರಕ್ಕೆ ನಿಧಾನದ ಒತ್ತಡವೇ ಬೇಕು. ಮೇಲಿನದನ್ನು ಬಿಸಿ ಸಡಿಲ ಮಾಡಿಕೊಟ್ಟಿರುತ್ತದೆ, ಆದ್ದರಿಂದ ಕೈಮಸಾಜಿಗಿಂತ ಕಡಿಮೆ ಒತ್ತಡ ಸಾಕಾಗುತ್ತದೆ.

ಇದರಿಂದ ಮೈಯೊಳಗಿನ ವಿಷ ಹೊರಗೆ ಹೋಗುತ್ತದೆ ಅಂತ ಬೋರ್ಡ್ ಹಾಕುವವರಿದ್ದಾರೆ. ಅದು ಸುಳ್ಳು. ಆ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ. ಡಿಸ್ಕ್ ಜಾರಿದ್ದನ್ನು ಕಲ್ಲು ಸರಿ ಮಾಡುವುದಿಲ್ಲ, ಮಂಡಿ ಸವೆತವನ್ನೂ ತುಂಬಿಕೊಡುವುದಿಲ್ಲ. ಬಿಗಿತ ಇಳಿಯುತ್ತದೆ, ನೋವು ಸ್ವಲ್ಪ ಕಾಲ ಕಡಿಮೆ ಆಗುತ್ತದೆ, ಮನಸ್ಸು ಹಗುರಾಗುತ್ತದೆ. ಇಷ್ಟನ್ನೇ ಹೇಳಿ, ಇಷ್ಟನ್ನು ಚೆನ್ನಾಗಿ ಕೊಡಿ. ಗಿರಾಕಿಗಳು ಮತ್ತೆ ಬರುತ್ತಾರೆ.

ಮೊದಲು ಮಾತು, ಆಮೇಲೆ ಕಲ್ಲು

ಹೀಟರ್ ಆನ್ ಮಾಡುವ ಮುಂಚೆ ಐದು ನಿಮಿಷ ಕೂತು ಮಾತಾಡಿ. ಮೊದಲ ಪ್ರಶ್ನೆ ಸಕ್ಕರೆ ಕಾಯಿಲೆಯದು. "ಅಮ್ಮಾ, ಶುಗರ್ ಇದೆಯಾ? ಎಷ್ಟು ವರ್ಷದಿಂದ? ಪಾದ ಜೋಮು ಹಿಡಿಯುತ್ತಾ? ಚಪ್ಪಲಿ ಜಾರಿದ್ದು ಗೊತ್ತಾಗದೇ ಹೋಗಿದ್ದುಂಟಾ?" ಅಂತ ಬಿಡಿಸಿ ಕೇಳಿ. ಸುಮ್ನೆ "ಏನಾದ್ರೂ ತೊಂದರೆ ಇದೆಯಾ?" ಅಂದರೆ "ಏನೂ ಇಲ್ಲ" ಅಂತಲೇ ಉತ್ತರ ಬರುತ್ತದೆ. ಬಹಳ ವರ್ಷದ ಶುಗರ್ ಇದ್ದವರಿಗೆ ಪಾದದ, ಕಾಲಿನ ನರಗಳು ಸೂಕ್ಷ್ಮತೆ ಕಳೆದುಕೊಂಡಿರಬಹುದು. ಕಲ್ಲು ಸುಡುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ, ಸುಟ್ಟ ಗಾಯ ಬೇಗ ಮಾಯುವುದೂ ಇಲ್ಲ. ಹಾಗೆ ಸ್ಪರ್ಶ ಮಂದವಾದ ಜಾಗಕ್ಕೆ ಬಿಸಿ ಕಲ್ಲು ತಾಗಿಸಲೇಬೇಡಿ. ಪಾರ್ಶ್ವವಾಯು ಆದವರಿಗೆ, ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇರುವವರಿಗೆ ಕೂಡ ಇದೇ ನಿಯಮ.

ಬಸುರಿಯರಿಗೆ, ಜ್ವರ ಇರುವವರಿಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, ಹತೋಟಿಗೆ ಬಾರದ ಬಿಪಿ ಅಥವಾ ಹೃದಯದ ತೊಂದರೆ ಇರುವವರಿಗೆ, ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ, ಈಚೆಗೆ ಆಪರೇಷನ್ ಆದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಡಾಕ್ಟರ ಒಪ್ಪಿಗೆ ಇಲ್ಲದೆ ಮಾಡಬೇಡಿ. ಹೊಸದಾಗಿ ಉಳುಕಿ ಊದಿಕೊಂಡ ಜಾಗಕ್ಕೆ ಮೊದಲ ಎರಡು ಮೂರು ದಿನ ಬಿಸಿ ಬೇಡ, ಅಲ್ಲಿಗೆ ತಂಪು ಬೇಕು. ಉಬ್ಬಿದ ನೀಲಿ ನರ, ಹುಣ್ಣು, ಬಿಸಿಲಿಗೆ ಸುಟ್ಟ ಚರ್ಮ, ಹುಳುಕಡ್ಡಿ, ಇವುಗಳ ಮೇಲೆ ಕಲ್ಲು ಹಾಯಬಾರದು. ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರ ಮತ್ತು ತೀರಾ ವಯಸ್ಸಾದವರ ಚರ್ಮ ತೆಳುವಾಗಿರುತ್ತದೆ. ಅವರಿಗೆ ಬಿಸಿ ಕಡಿಮೆ ಇರಲಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ: "ಬೆಳಿಗ್ಗೆಯಿಂದ ಏನಾದ್ರೂ ಮುಲಾಮು ಹಚ್ಚಿದ್ದೀರಾ?" ನೋವಿನ ಬಾಮ್, ಸ್ಪ್ರೇ, ಜೆಲ್ ಹಚ್ಚಿದ ಚರ್ಮದ ಮೇಲೆ ಬಿಸಿ ಕಲ್ಲು ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಔಷಧಿ ಪಟ್ಟಿ ಅಂಟಿಸಿಕೊಂಡಿದ್ದರೆ ಇನ್ನೂ ಅಪಾಯ. ಬಿಸಿಗೆ ಔಷಧಿ ಬೇಗ ಮೈಗೆ ಇಳಿಯುತ್ತದೆ. ಇಂಥವರನ್ನು ಇನ್ನೊಂದು ದಿನ ಬರಲು ಹೇಳಿ. ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದು ನೇರ ಬಂದವರಿಗೂ ಒಂದೂವರೆ ಗಂಟೆ ಬಿಟ್ಟು ಬನ್ನಿ ಅನ್ನಿ. ಕುಡಿದು ಬಂದವರಿಗೆ ಮಾತ್ರ ಆ ದಿನ ಬೇಡವೇ ಬೇಡ.

ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಬಗ್ಗೆ ಬೇರೆಯಾಗಿ ಹೇಳಬೇಕು. ದಿನವಿಡೀ ಒಲೆಯ ಮುಂದೆ ನಿಂತು ಬೆವರು ಹರಿಸಿದ ಮೈಗೆ ಕೆಲಸ ಮುಗಿದ ಕೂಡಲೇ ಮತ್ತೆ ಬಿಸಿ ಕೊಟ್ಟರೆ ತಲೆ ಸುತ್ತುತ್ತದೆ. ಅವರು ಸ್ನಾನ ಮಾಡಿ, ನೀರು ಮಜ್ಜಿಗೆ ಕುಡಿದು, ಮೈ ಆರಿದ ಮೇಲೆ ಬರಲಿ. ರಜೆಯ ದಿನ ಬಂದರೆ ಇನ್ನೂ ಒಳ್ಳೆಯದು.

ಯಾವ ಕಲ್ಲು?

ಈ ಕೆಲಸಕ್ಕೆ ಬಳಸುವುದು ಬಸಾಲ್ಟ್. ಲಾವಾ ಆರಿ ಆದ ಕಪ್ಪು ಕಲ್ಲು. ಇದರಲ್ಲಿ ಕಬ್ಬಿಣ, ಮೆಗ್ನೀಸಿಯಂ ಅಂಶ ಜಾಸ್ತಿ, ಆದ್ದರಿಂದ ತೂಕ ಜಾಸ್ತಿ. ಅದೇ ಗಾತ್ರದ ಗ್ರಾನೈಟಿಗಿಂತ ಸ್ವಲ್ಪ ಹೆಚ್ಚು ಬಿಸಿ ಹಿಡಿದಿಡುತ್ತದೆ. ಕಣ ಬಹಳ ಸಣ್ಣದಾದ್ದರಿಂದ ನೀರಿನಲ್ಲಿ ಉರುಳಿ ಸವೆದಾಗ ರೇಷ್ಮೆಯಂತೆ ನುಣುಪಾಗುತ್ತದೆ. ಗ್ರಾನೈಟಿನ ಕಣ ದಪ್ಪ, ಎಷ್ಟು ಸವೆದರೂ ಮೈಗೆ ಸ್ವಲ್ಪ ತರಿ ತಾಗುತ್ತದೆ.

ನಮ್ಮ ರಾಜ್ಯದಲ್ಲಿ ಬಸಾಲ್ಟ್ ಹೇರಳವಾಗಿ ಇರುವುದು ಉತ್ತರದಲ್ಲಿ, ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ. ಚಿತ್ರದುರ್ಗದ ಕೋಟೆಯ ದೊಡ್ಡ ಬಂಡೆಗಳು ಗ್ರಾನೈಟ್ ಜಾತಿಯವು. ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ಮಾತ್ರ ಒಂದು ಅಪರೂಪದ ಜಾಗ ಇದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾಗಿ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೋಡಿ ಬನ್ನಿ, ಮಕ್ಕಳಿಗೂ ತೋರಿಸಿ, ಆದರೆ ಅಲ್ಲಿಂದ ಒಂದು ಚೂರನ್ನೂ ಎತ್ತಬೇಡಿ.

ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಕಲ್ಲು ಬಳಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹೊಳೆಯಲ್ಲಿ ಹಲವು ಜಾತಿಯ ಕಲ್ಲು ಬೆರೆತಿರುತ್ತವೆ, ಕಪ್ಪಗಿದ್ದ ಮಾತ್ರಕ್ಕೆ ಅದು ಬಸಾಲ್ಟ್ ಅಲ್ಲ. ಗಿರಾಕಿಗಳ ಮೈಗೆ ಬಳಸುವುದಾದರೆ ಮಸಾಜಿಗೆಂದೇ ಮಾರುವ ಸೆಟ್ ಕೊಳ್ಳಿ ಅನ್ನುವುದು ನನ್ನ ಸಲಹೆ. ಮನೆಯವರಿಗೆ ಮಾಡಲು ಹೊಳೆಯ ಎರಡು ಕಲ್ಲು ಬೇಕೇ ಬೇಕು ಅನ್ನುವವರು ಮೊದಲು ಪರೀಕ್ಷಿಸಿ. ಪದರ ಪದರವಾಗಿರುವುದು, ಬಿರುಕು, ತೂತು, ಹೊಳೆಯುವ ಚುಕ್ಕೆ ಇರುವುದನ್ನು ಬಿಡಿ. ಬ್ರಷ್‌ನಿಂದ ಉಜ್ಜಿ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿ ನಿಧಾನಕ್ಕೆ 55 ಡಿಗ್ರಿಗೆ ಏರಿಸಿ, ಅರ್ಧ ಗಂಟೆ ಬಿಟ್ಟು, ತಾನಾಗಿ ಆರಲು ಬಿಡಿ. ನಾಲ್ಕೈದು ಸಲ ಹೀಗೆ ಮಾಡಿ. ಪುಡಿ ಉದುರಿದರೆ, ನೀರಿಗೆ ಬಣ್ಣ ಬಿಟ್ಟರೆ, ಕೂದಲೆಳೆಯ ಸೀಳು ಕಂಡರೆ ಆ ಕಲ್ಲು ಗಿಡದ ಕುಂಡಕ್ಕೆ. ಯಾವ ಕಲ್ಲನ್ನೂ ಗ್ಯಾಸ್ ಒಲೆಯ ಉರಿಯ ಮೇಲೆ ನೇರ ಇಡಬೇಡಿ. ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಪೂರ್ತಿ ಸೆಟ್ಟಿನಲ್ಲಿ ಸುಮಾರು 50 ಕಲ್ಲು ಇರುತ್ತವೆ. ಶುರು ಮಾಡುವವರಿಗೆ 20 ಸಾಕು: ಸೊಂಟಕ್ಕೆ ಅಂಗೈ ಅಗಲದ ಚಪ್ಪಟೆ ಕಲ್ಲು ಎರಡು, ಕೈಯಲ್ಲಿ ಹಿಡಿದು ಉಜ್ಜಲು ಮೊಟ್ಟೆ ಗಾತ್ರದ್ದು ಎಂಟು ಹತ್ತು, ಉಳಿದವು ಚಿಕ್ಕವು. ಉಜ್ಜುವ ಕಲ್ಲು ಜೋಡಿಯಾಗಿರಲಿ, ಎರಡು ಕೈಗೂ ಒಂದೇ ತೂಕ ಬರಬೇಕು.

ಕಾಯಿಸುವುದು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಸುಟ್ಟ ಗಾಯಗಳ ಬೇರು ಇಲ್ಲೇ ಇರುವುದು.

ಬೇಕಾಗಿರುವುದು ಬಿಸಿ ಹತೋಟಿಯಲ್ಲಿಡುವ ಸ್ಟೋನ್ ಹೀಟರ್, ಅಥವಾ ಥರ್ಮೋಸ್ಟಾಟ್ ಇರುವ ಅಗಲ ಬಾಯಿಯ ಎಲೆಕ್ಟ್ರಿಕ್ ಪಾತ್ರೆ. ಮೈಕ್ರೋವೇವ್, ಓವನ್ ಬೇಡ. ಅವುಗಳಲ್ಲಿ ಕಲ್ಲು ಸಮವಾಗಿ ಕಾಯುವುದಿಲ್ಲ, ಮೇಲ್ಮೈ ಬೆಚ್ಚಗಿದ್ದು ಒಳಗೆ ಕೆಂಡವಾಗಿರಬಹುದು. ಪಾತ್ರೆಯ ತಳಕ್ಕೆ ಒಂದು ಟವೆಲ್ ಹಾಸಿ. ಕಲ್ಲು ತಳಕ್ಕೆ ಬಡಿಯುವುದಿಲ್ಲ, ಸದ್ದೂ ಬರುವುದಿಲ್ಲ. ದೊಡ್ಡ ಕಲ್ಲು ಒಂದು ಬದಿ, ಚಿಕ್ಕವು ಇನ್ನೊಂದು ಬದಿ ಇರುವಂತೆ ಜೋಡಿಸಿ. ಕಲ್ಲಿನ ಮೇಲೆ ಒಂದು ಇಂಚು ನೀರು ನಿಲ್ಲಬೇಕು. ಬೋರ್ ನೀರು ಗಡಸಾಗಿದ್ದರೆ ಕಲ್ಲಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕುಡಿಯುವ ಫಿಲ್ಟರ್ ನೀರು ಬಳಸಿದರೆ ಆ ಕಾಟ ಇಲ್ಲ.

ನೀರು 50ರಿಂದ 54 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. 55 ದಾಟಿದರೆ ಕಲ್ಲು ತೆಗೆಯಬೇಡಿ. ಹೀಟರಿನ ಗುಂಡಿಯ ಮೇಲೆ ಬರೆದ ಅಂಕಿಯನ್ನು ನೆಚ್ಚಿಕೊಳ್ಳದೆ, ಬೇರೆ ಥರ್ಮಾಮೀಟರ್ ನೀರಿಗಿಳಿಸಿ ನೋಡಿ. ಯಾಕೆ ಇಷ್ಟು ಕಟ್ಟುನಿಟ್ಟು? 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಗಂಭೀರವಾಗಿ ಸುಡುತ್ತದೆ. 55 ಡಿಗ್ರಿಗೆ ಸುಮಾರು ಅರ್ಧ ನಿಮಿಷ ಸಾಕು. 50 ಡಿಗ್ರಿಗೆ ಸುಮಾರು 5 ನಿಮಿಷ. ಐದು ಹತ್ತು ಡಿಗ್ರಿಯ ಅಂತರ ನಿಮಿಷಗಳನ್ನು ಸೆಕೆಂಡಿಗೆ ಇಳಿಸಿಬಿಡುತ್ತದೆ, ಅಲ್ವಾ? ಈ ಲೆಕ್ಕದಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಬಿಸಿ ಎಷ್ಟು ಅನ್ನುವಷ್ಟೇ ಮುಖ್ಯ, ಅದು ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವುದು. ಓಡುವ ಕಲ್ಲು ಹಿತ ಕೊಡುತ್ತದೆ. ಅದೇ ಕಲ್ಲು ನಿಂತರೆ ಸುಡುತ್ತದೆ.

ಕಲ್ಲಿನ ಒಳಗೂ ಬಿಸಿ ಸೇರಲು ಮುಕ್ಕಾಲು ಗಂಟೆ ಬೇಕು. ಗಿರಾಕಿ ಬರುವ ಮೊದಲೇ ಆನ್ ಮಾಡಿ. ಕರೆಂಟ್ ಹೋದರೆ ಒಲೆಯ ಮೇಲೆ ಕುದಿಸಿದ ನೀರು ತಂದು ಸುರಿಯುವ ಆಸೆ ಬೇಡ. ಇರುವ ಬಿಸಿಯಲ್ಲಿ ಆಗುವಷ್ಟು ಮಾಡಿ, ಉಳಿದದ್ದನ್ನು ಕೈಯಲ್ಲೇ ಮುಗಿಸಿ. ಕಲ್ಲು ಎತ್ತಲು ಮೆಣಸಿನಕಾಯಿ ಬಜ್ಜಿ ಎತ್ತುವ ತೂತಿನ ಸೌಟು ಚೆನ್ನಾಗಿ ಒಗ್ಗುತ್ತದೆ. ಈ ಕೆಲಸಕ್ಕೆಂದೇ ಒಂದು ಹೊಸದು ಇಟ್ಟುಕೊಳ್ಳಿ.

ಕೋಣೆ, ಎಣ್ಣೆ

ಫ್ಯಾನ್ ನೇರ ಮೈಗೆ ಬೀಸಬಾರದು. ಹೀಟರ್ ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ, ಆದರೆ ವೈರ್ ಕಾಲಿಗೆ ಸಿಗದಂತೆ ಇರಲಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಎಣ್ಣೆಗೆ ನನ್ನ ಆಯ್ಕೆ ಎಳ್ಳೆಣ್ಣೆ. ಜಾರು ಬೇಗ ಕಳೆದುಕೊಳ್ಳುವುದಿಲ್ಲ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಿಗ್ಗೆ ಅದು ಗಟ್ಟಿಯಾಗಿರುತ್ತದೆ. ಬಟ್ಟಲನ್ನು ಬಿಸಿ ನೀರಿನಲ್ಲಿಟ್ಟು ಕರಗಿಸಿಕೊಳ್ಳಿ. ಶೇಂಗಾ ಅಲರ್ಜಿ, ಎಳ್ಳಿನ ಅಲರ್ಜಿ ಇದೆಯಾ ಅಂತ ಕೇಳಿ, ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ನೋಡಿ. ಎಣ್ಣೆ ಕಡಿಮೆಯಾದರೆ ಕಲ್ಲು ಚರ್ಮ ಎಳೆಯುತ್ತದೆ, ಜಾಸ್ತಿಯಾದರೆ ಕೈಯಿಂದ ಜಾರಿ ಬೀಳುತ್ತದೆ.

ಕೆಲಸ ಶುರು

ಬೋರಲು ಮಲಗಿಸಿ. ಪಾದದ ಗೆಣ್ಣಿನ ಕೆಳಗೆ ಸುತ್ತಿದ ಟವೆಲ್ ಇಡಿ. ಕೆಲಸ ಮಾಡುವ ಭಾಗ ಬಿಟ್ಟು ಉಳಿದದ್ದೆಲ್ಲ ಹೊದಿಕೆಯಲ್ಲಿರಲಿ. ಈಗ ಮುಖ್ಯವಾದ ಮಾತು ಹೇಳಿ: "ಯಜಮಾನ್ರೇ, ಬೆಚ್ಚಗೆ ಅನಿಸಬೇಕು. ಚುರ್ ಅಂದ್ರೆ ತಡ್ಕೋಬೇಡಿ, ತಕ್ಷಣ ಹೇಳಿ." ಇದನ್ನು ಒತ್ತಿ ಹೇಳಲು ಕಾರಣ ಇದೆ. ಹಂಡೆ ನೀರು ಸುಡುಸುಡು ಇದ್ದರೇ ಮೈನೋವು ಹೋಗುತ್ತದೆ ಅಂತ ನಂಬಿ ಬೆಳೆದವರು ನಾವು. ಮೂಟೆ ಹೊತ್ತು ಗಟ್ಟಿಯಾದ ಹಮಾಲರಂತೂ "ಇನ್ನೂ ಬಿಸಿ ಇರ್ಲಿ ಬಿಡಣ್ಣ" ಅನ್ನುತ್ತಾರೆ. ಅವರ ಸಹನೆ ದೊಡ್ಡದು, ಚರ್ಮ ಮಾತ್ರ ಎಲ್ಲರಂತೆಯೇ. ಅವರು ಕೇಳಿದರೂ ಏರಿಸಬೇಡಿ.

ಮೊದಲ ಐದು ನಿಮಿಷ ಬರಿಗೈ. ಎಣ್ಣೆ ಹಚ್ಚಿ ಬೆನ್ನಿನ ಉದ್ದಕ್ಕೂ ನೀವಿ, ಗಂಟು ಎಲ್ಲಿದೆ, ಯಾವ ಬದಿ ಬಿಗಿ ಅಂತ ತಿಳಿದುಕೊಳ್ಳಿ. ಒಂದೇ ಹೆಗಲ ಮೇಲೆ ಮೂಟೆ ಹೊರುವವರ ಎರಡು ಬದಿ ಎಂದೂ ಸಮ ಇರುವುದಿಲ್ಲ.

ಈಗ ಎರಡು ಕಲ್ಲು ಎತ್ತಿ, ಟವೆಲಿನಲ್ಲಿ ಒರೆಸಿ, ನಿಮ್ಮ ಮುಂಗೈ ಒಳಭಾಗಕ್ಕೆ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಅಂಗೈಗಲ್ಲ, ಮುಂಗೈಗೆ. ಅಲ್ಲಿಯ ಚರ್ಮ ತೆಳು, ಅಷ್ಟಾಗಿ ಬಿಸಿಗೆ ಒಗ್ಗಿರುವುದಿಲ್ಲ. ಹಿತವಾಗಿದ್ದರೆ ಎಣ್ಣೆ ಸವರಿ. ಬೆನ್ನಿಗೆ ಮೊದಲು ಕೈಯ ಹಿಂಭಾಗ ತಾಗಲಿ, ಆಮೇಲೆ ನಿಧಾನಕ್ಕೆ ಕೈ ತಿರುಗಿಸಿ ಕಲ್ಲು ತಾಗಿಸಿ. ಬಿಸಿ ಥಟ್ಟನೆ ಬಿದ್ದರೆ ಸಡಿಲವಾಗುತ್ತಿದ್ದ ಮೈ ಮತ್ತೆ ಬಿಗಿಯುತ್ತದೆ.

ಶುರುವಿನಲ್ಲಿ ಎರಡು ಮೂರು ಸಲ ಸ್ವಲ್ಪ ಚುರುಕಾಗಿ ನೀವಿ, ಒತ್ತಡ ಇಲ್ಲದೆ. ಕಲ್ಲು ಅತಿ ಬಿಸಿ ಇರುವುದು ಆಗಲೇ. ಸೊಂಟದಿಂದ ಭುಜದವರೆಗೆ, ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುವಿನ ಮೇಲೆ ಮಾತ್ರ. ಮೂಳೆಯ ಮೇಲೆ ಕಲ್ಲು ಹಾಯಬಾರದು. "ಬಿಸಿ ಹೇಗಿದೆ?" ಅಂತ ಕೇಳಿ. ಕಲ್ಲು ಆರುತ್ತಾ ಬಂದಂತೆ ನಿಧಾನ ಮಾಡಿ, ಒತ್ತಡ ಸೇರಿಸಿ. ಎರಡು ಮೂರು ನಿಮಿಷದಲ್ಲಿ ಬಿಸಿ ಇಳಿಯುತ್ತದೆ, ಆಗ ಜೋಡಿ ಬದಲಿಸಿ. ಒಂದು ಕೈ ಮೈ ಮೇಲಿರುವಾಗಲೇ ಇನ್ನೊಂದು ಕೈ ಹೊಸ ಕಲ್ಲು ತರಲಿ. ಪ್ರತಿ ಹೊಸ ಜೋಡಿಗೂ ಮುಂಗೈ ಪರೀಕ್ಷೆ ಇದ್ದೇ ಇರಬೇಕು. ಮೊದಲ ಜೋಡಿ ಹಿತವಾಗಿತ್ತು ಅಂತ ಮೂರನೆಯದನ್ನು ನೋಡದೇ ಇಡಬೇಡಿ. ಹೀಟರಿನಲ್ಲಿ ಹೆಚ್ಚು ಹೊತ್ತು ಕೂತ ಕಲ್ಲು ಅದು.

ಹೆಗಲೆಲುಬಿನ ಒಳ ಅಂಚಿನಲ್ಲಿ ಗಂಟು ಸಿಕ್ಕರೆ ಕಲ್ಲಿನ ದುಂಡನೆಯ ಅಂಚು ಬಳಸಿ. ಇದಕ್ಕೆ ಸ್ವಲ್ಪ ಆರಿದ ಕಲ್ಲೇ ಬೇಕು, ಯಾಕಂದರೆ ಇಲ್ಲಿ ಕಲ್ಲು ಚಿಕ್ಕ ಜಾಗದಲ್ಲಿ ಸುತ್ತುತ್ತದೆ. ಅವರ ಉಸಿರು ಹೊರಹೋಗುವಾಗ ಒತ್ತಿ, ಒಳಬರುವಾಗ ಸಡಿಲಿಸಿ. ನಿಮ್ಮ ಹೆಬ್ಬೆರಳಿಗೆ ಆಗುವ ಸವೆತವನ್ನು ಕಲ್ಲು ತಪ್ಪಿಸುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಬೇಕೆಂದಿರುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಕಲ್ಲನ್ನು ಬಿಗಿಯಾಗಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಸಡಿಲ ಹಿಡಿತ, ಮೈಭಾರದಿಂದ ಒತ್ತಡ.

ಬೆನ್ನಿಗೆ 20 ನಿಮಿಷ, ಒಂದೊಂದು ಕಾಲಿಗೆ 10, ಕೈ ಮತ್ತು ಹೆಗಲಿಗೆ 10, ಶುರುವಿನ ಬರಿಗೈ ಕೆಲಸ, ಕೊನೆಯ ವಿಶ್ರಾಂತಿ ಸೇರಿ ಒಟ್ಟು ಒಂದು ಗಂಟೆ ಸುಮಾರು. ಕಾಲಿನಲ್ಲಿ ಮೀನಖಂಡದಿಂದ ತೊಡೆಯ ಕಡೆಗೆ, ಅಂದರೆ ಹೃದಯದ ದಿಕ್ಕಿಗೆ ನೀವಿ. ಮಂಡಿಯ ಹಿಂಭಾಗ, ಕಂಕುಳು, ತೊಡೆಸಂದು, ಕುತ್ತಿಗೆಯ ಮುಂಭಾಗ, ಇಲ್ಲಿ ರಕ್ತನಾಳ, ನರಗಳು ಮೇಲೆಯೇ ಇರುತ್ತವೆ. ಕಲ್ಲು ಬೇಡ. ಮೊಣಕಾಲ ಕೆಳಗಿನ ಮುಂಭಾಗದ ಎಲುಬಿಗೂ ಬೇಡ.

ಇಟ್ಟು ಬಿಡುವ ಕಲ್ಲುಗಳು

ಫೋಟೋಗಳಲ್ಲಿ ಬರಿ ಬೆನ್ನ ಮೇಲೆ ಸಾಲಾಗಿ ಕಲ್ಲು ಜೋಡಿಸಿರುತ್ತಾರೆ. ನೋಡಲು ಚೆಂದ, ಮಾಡಲು ಅಪಾಯ. ನಿಂತ ಕಲ್ಲಿನ ಕೆಳಗೆ ಎರಡು ಮಡಿಕೆ ಟವೆಲ್ ಇರಲೇಬೇಕು, ಕಲ್ಲಿನ ಬಿಸಿ 45ರ ಆಸುಪಾಸಿಗೆ ಇಳಿದಿರಬೇಕು. ಸೊಂಟದ ಮೇಲೆ ಒಂದು ದೊಡ್ಡ ಕಲ್ಲು ಇಟ್ಟು ಕಾಲಿನ ಕೆಲಸ ಮಾಡಬಹುದು, ಆದರೆ ಎರಡು ನಿಮಿಷಕ್ಕೊಮ್ಮೆ ಎತ್ತಿ ಚರ್ಮ ನೋಡಿ. ಕಲ್ಲಿನ ಸಾಲಿನ ಮೇಲೆ ಅಂಗಾತ ಮಲಗಿಸುವ ಕ್ರಮವೂ ಇದೆ. ಕಲಿಯುವವರು ಅದಕ್ಕೆ ಕೈ ಹಾಕಬೇಡಿ. ಮೈಭಾರಕ್ಕೆ ಚರ್ಮ ಒತ್ತಿಹೋಗಿ ರಕ್ತದ ಓಡಾಟ ಕಡಿಮೆಯಾಗುತ್ತದೆ, ಬಿಸಿಯನ್ನು ಹೊತ್ತೊಯ್ಯಲು ರಕ್ತವೇ ಇರುವುದಿಲ್ಲ. ಚರ್ಮ ಏನಾಗುತ್ತಿದೆ ಅಂತ ನಿಮಗೂ ಕಾಣುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಯಲುಸೀಮೆಯ ಸೆಕೆಗೆ ಇಟ್ಟು ಬಿಡುವ ಕಲ್ಲುಗಳನ್ನು ಪೂರ್ತಿ ಬಿಟ್ಟುಬಿಡಿ. ನೀರು 48-50 ಡಿಗ್ರಿ ಸಾಕು, ಸಮಯ 40 ನಿಮಿಷ ಸಾಕು, ಬೆಳಿಗ್ಗೆ ಹೊತ್ತೇ ಕರೆಯಿರಿ.

ಮುಗಿದ ಮೇಲೆ

ಕೂಡಲೇ ಎಬ್ಬಿಸಬೇಡಿ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಸ್ವಲ್ಪ ಇಳಿದಿರುತ್ತದೆ. ಐದು ನಿಮಿಷ ಮಲಗಲಿ, ಪಕ್ಕಕ್ಕೆ ಹೊರಳಿ ಕೂರಲಿ, ಒಂದು ಲೋಟ ನೀರು ಕುಡಿದು ಏಳಲಿ. ಪಾದದ ಎಣ್ಣೆ ಒರೆಸಿ, ಇಲ್ಲದಿದ್ದರೆ ಟೈಲ್ಸ್ ಮೇಲೆ ಜಾರುತ್ತಾರೆ.

ಚರ್ಮ ನಸುಗೆಂಪಾಗುವುದು ಸಹಜ, ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಹೋಗುತ್ತದೆ. ಕಲ್ಲಿನ ಆಕಾರದಲ್ಲೇ ಕೆಂಪು ಉಳಿದರೆ, ಉರಿ ಇದ್ದರೆ, ಅದು ಸುಟ್ಟದ್ದು. ಹರಿಯುವ ನಲ್ಲಿ ನೀರನ್ನು 20 ನಿಮಿಷ ಬಿಡಿ. ಮಂಜುಗಡ್ಡೆ, ಪೇಸ್ಟ್, ಅರಿಶಿನ, ಬೆಣ್ಣೆ ಏನೂ ಬೇಡ. ಬೊಬ್ಬೆ ಎದ್ದರೆ ಒಡೆಯದೆ ಡಾಕ್ಟರ ಬಳಿ ಕರೆದೊಯ್ಯಿರಿ. ಶುಗರ್ ಇರುವವರಾದರೆ ಬೊಬ್ಬೆಗೆ ಕಾಯದೆ ಹೋಗಿ.

ಪ್ರತಿ ಗಿರಾಕಿಯ ನಂತರ ಹೀಟರಿನ ನೀರು ಚೆಲ್ಲಿ. ಬೆಚ್ಚಗಿನ, ಎಣ್ಣೆ ತೇಲುವ ನೀರಿನಲ್ಲಿ ರೋಗಾಣು ಸುಖವಾಗಿ ಬೆಳೆಯುತ್ತವೆ. ಕಲ್ಲನ್ನು ಸೋಪು ಹಾಕಿ ಉಜ್ಜಿ ತೊಳೆದು, ಒಣಗಿದ ಮೇಲೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಆರಲು ಬಿಡಿ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಹೀಟರ್ ಆಫ್ ಆಗಿದೆಯಾ, ಹತ್ತಿರ ದೀಪ, ಊದುಬತ್ತಿ ಇಲ್ಲವಾ ಅಂತ ನೋಡಿಕೊಳ್ಳಿ. ತೊಳೆಯುವಾಗಲೇ ಒಂದೊಂದು ಕಲ್ಲಿನ ಮೇಲೂ ಬೆರಳಾಡಿಸಿ. ಕೆಳಗೆ ಬಿದ್ದು ಚಕ್ಕೆ ಎದ್ದದ್ದು, ಉಗುರಿಗೆ ಸೀಳು ಸಿಗುವುದು ಸೆಟ್ಟಿನಿಂದ ಹೊರಗೆ. ಅದರ ಜೋಡಿ ಕಲ್ಲನ್ನು ಸೊಂಟದ ಮೇಲೆ ಇಡುವುದಕ್ಕೆ ಬಳಸಿಕೊಳ್ಳಬಹುದು.